ಕಪ್ಪಗಾದ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್: ಎಷ್ಟು ತೊಳೆಯಬೇಕು, ಎಷ್ಟು ಉಜ್ಜಬೇಕು?

ಪ್ರಶ್ನೆ: ಹೊನ್ನಾವರದ ಬಳಿ ಶರಾವತಿಯ ಅಳಿವೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ದೋಣಿಯೊಂದನ್ನು ನಡೆಸುತ್ತಿದ್ದೇನೆ. 115 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ) ಇಂಜಿನ್, ಮೂರು ಬ್ಲೇಡಿನ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದಾಗ ಬ್ಲೇಡುಗಳ ಮೇಲೆ ಕಂದು ಕಲೆ, ಹಬ್ಬಿನ (ಬ್ಲೇಡುಗಳು ಕೂಡುವ ನಡುಭಾಗದ) ಸುತ್ತ ಬಾರ್ನಕಲ್ ಎಂಬ, ನೀರಿನಲ್ಲಿರುವ ವಸ್ತುಗಳಿಗೆ ಅಂಟಿ ಬೆಳೆಯುವ ಜೀವಿಯ ಚಿಪ್ಪು, ಒಂದು ಬ್ಲೇಡಿನ ಅಂಚಿನಲ್ಲಿ ಕಚ್ಚು ಕಂಡಿತು. ಬಚ್ಚಲು ತೊಳೆಯುವ ಆಸಿಡ್ ಸುರಿದು ಉಜ್ಜಿದೆ. ಚಿಪ್ಪು ಹೋಯಿತು, ಆದರೆ ಲೋಹ ಕಪ್ಪಗಾಯಿತು. ಪಾಲಿಶ್ ಅಂಗಡಿಯವರು ಆಸಿಡ್ಡಿನಲ್ಲಿ ಅದ್ದಿ, ಬಫ್ ಮಾಡಿ ಕನ್ನಡಿಯಂತೆ ಮಾಡಿಕೊಡುತ್ತೇವೆ ಎನ್ನುತ್ತಿದ್ದಾರೆ. ಮೊದಲು ಪೂರ್ತಿ ಥ್ರಾಟಲ್‌ನಲ್ಲಿ ನಿಮಿಷಕ್ಕೆ 5,600 ಸುತ್ತು ಏರುತ್ತಿದ್ದ ಇಂಜಿನ್ ಈ ಋತುವಿನ ಕೊನೆಗೆ 5,200 ದಾಟುತ್ತಿರಲಿಲ್ಲ. ಇದನ್ನು ಸರಿಪಡಿಸಬಹುದೇ, ಹೊಸದೇ ಬೇಕೇ? ಚಿಪ್ಪು ಕಟ್ಟದಂತೆ ಬಣ್ಣ ಬಳಿಯಬಹುದೇ?

ಉತ್ತರ: ನೀವು ವಿವರಿಸಿರುವ ಸ್ಥಿತಿಯಲ್ಲಿ ಹೊಸ ಪ್ರೊಪೆಲ್ಲರ್ ಕೊಳ್ಳುವ ಅಗತ್ಯ ಬಹುಮಟ್ಟಿಗೆ ಇಲ್ಲ. ಆದರೆ ಅದನ್ನು ಈಗಿರುವಂತೆಯೇ ಪಾಲಿಶ್ ಅಂಗಡಿಗೆ ಒಪ್ಪಿಸಿದರೆ ಮಾತ್ರ ಆ ಅಗತ್ಯ ಬೇಗನೆ ಬಂದೀತು. ಪ್ರೊಪೆಲ್ಲರಿನಲ್ಲಿ ಕಾಪಾಡಬೇಕಾದದ್ದು ಎರಡು: ಲೋಹದ ಮೇಲ್ಮೈಯಲ್ಲಿರುವ ರಕ್ಷಕ ಪೊರೆ ಮತ್ತು ಬ್ಲೇಡಿನ ಆಕಾರ. ಆಸಿಡ್ಡಿನಲ್ಲಿ ಅದ್ದುವುದರಿಂದ ಮೊದಲನೆಯದು ಹಾಳಾಗುತ್ತದೆ, ಲೆಕ್ಕವಿಲ್ಲದೆ ಬಫ್ ಮಾಡುವುದರಿಂದ ಎರಡನೆಯದು. ಹೊಳಪು ಈ ಎರಡನ್ನೂ ಉಳಿಸಿಕೊಂಡ ಮೇಲೆ ತಾನಾಗಿ ಬರುವಷ್ಟು ಬಂದರೆ ಸಾಕು.

ಮೊದಲು ಲೋಹದ ಬಗ್ಗೆ ಹೇಳಬೇಕು, ಏಕೆಂದರೆ ಅಡುಗೆಮನೆಯ ಸ್ಟೀಲ್ ಪಾತ್ರೆಯ ಅನುಭವವನ್ನು ಇಲ್ಲಿಗೆ ತಂದು ಮೋಸಹೋಗುವವರು ಬಹಳ. ಔಟ್‌ಬೋರ್ಡ್ ಇಂಜಿನ್ನಿನ ಸ್ಟೇನ್‌ಲೆಸ್ ಪ್ರೊಪೆಲ್ಲರುಗಳನ್ನು ಮೇಣದ ಅಚ್ಚಿನ ವಿಧಾನದಲ್ಲಿ ಎರಕ ಹೊಯ್ಯುತ್ತಾರೆ. ಅವುಗಳಲ್ಲಿ ಬಹಳಷ್ಟಕ್ಕೆ ಬಳಸುವುದು 15-5 ಅಥವಾ 17-4 ಎಂದು ಕರೆಯಲಾಗುವ, ಶಾಖೋಪಚಾರದಿಂದ ಗಡಸುಗೊಳ್ಳುವ ಮಿಶ್ರಲೋಹ. ಮೊದಲ ಸಂಖ್ಯೆ ಕ್ರೋಮಿಯಂನ ಶೇಕಡಾ ಪ್ರಮಾಣವನ್ನೂ ಎರಡನೆಯದು ನಿಕ್ಕಲ್ಲಿನದನ್ನೂ ಸೂಚಿಸುತ್ತದೆ. ಜೊತೆಗೆ ಸ್ವಲ್ಪ ತಾಮ್ರವೂ ಇರುತ್ತದೆ. ಈ ಜಾತಿಯ ಉಕ್ಕಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಹಾಗಾಗಿ 'ಅಯಸ್ಕಾಂತ ಹಿಡಿಯಿತು, ಇದು ಅಸಲಿ ಸ್ಟೀಲ್ ಅಲ್ಲ' ಎಂಬ ಪಾತ್ರೆ ಅಂಗಡಿಯ ಪರೀಕ್ಷೆಯನ್ನು ಇದರ ಮೇಲೆ ಮಾಡಿ ಮಾರಾಟಗಾರರೊಡನೆ ಜಗಳಕ್ಕೆ ಹೋಗಬೇಡಿ. ಈ ಲೋಹವನ್ನು ಆರಿಸುವುದು ಅದರ ಬಲಕ್ಕಾಗಿ: ಅಲ್ಯೂಮಿನಿಯಂಗಿಂತ ತೆಳುವಾದ ಬ್ಲೇಡ್ ಮಾಡಬಹುದು, ಅದು ಭಾರಕ್ಕೆ ಬಾಗುವುದಿಲ್ಲ. ಆದರೆ ತುಕ್ಕು ತಡೆಯುವುದರಲ್ಲಿ ಇದು ಮಾಲಿಬ್ಡಿನಂ ಬೆರೆತ 316 ದರ್ಜೆಯ ಸ್ಟೀಲಿಗೆ ಸಮವಲ್ಲ. ಉಪ್ಪುನೀರಿನಲ್ಲಿ ಸುಮ್ಮನೆ ನಿಂತರೆ ಕಲೆ ಕಟ್ಟುವುದು ಇದರ ಗುಣವೇ ಹೊರತು ನಿಮಗೆ ನಕಲಿ ಮಾಲು ಸಿಕ್ಕಿದೆ ಎಂಬುದರ ಲಕ್ಷಣವಲ್ಲ.

ಸ್ಟೇನ್‌ಲೆಸ್ ಸ್ಟೀಲನ್ನು ತುಕ್ಕಿನಿಂದ ಕಾಯುವುದು ಕ್ರೋಮಿಯಂ ಆಕ್ಸೈಡಿನ ಪೊರೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ಅದು ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ದೋಣಿ ಓಡುತ್ತಿರುವಾಗ ಬ್ಲೇಡಿನ ಮೇಲೆ ಹೊಸ ನೀರು ಹರಿಯುತ್ತಲೇ ಇರುವುದರಿಂದ ಆಮ್ಲಜನಕಕ್ಕೆ ಕೊರತೆಯಿಲ್ಲ. ದೋಣಿ ದಿನಗಟ್ಟಲೆ ನಿಂತಾಗ ಬಾರ್ನಕಲ್ ಬಂದು ಕೂರುತ್ತದೆ, ತನ್ನ ಸುಣ್ಣದ ತಳವನ್ನು ಪ್ರೋಟೀನಿನ ಅಂಟಿನಿಂದ ಲೋಹಕ್ಕೆ ಬಿಗಿಯುತ್ತದೆ, ಮತ್ತು ಆ ತಳದ ಅಡಿಯಲ್ಲಿ ಸಿಕ್ಕಿಕೊಂಡ ನೀರಿನ ಆಮ್ಲಜನಕ ತೀರಿಹೋಗುತ್ತದೆ. ಅಲ್ಲಿ ಪೊರೆ ಒಡೆದರೆ ಮತ್ತೆ ಕಟ್ಟುವುದಿಲ್ಲ. ನೀರಿನ ಕ್ಲೋರೈಡ್ ಆ ಜಾಗಕ್ಕೆ ಸೇರಿಕೊಂಡು ಒಳಗೆ ಆಮ್ಲೀಯ ವಾತಾವರಣ ಹುಟ್ಟಿಸಿ, ಸಣ್ಣ ಗುಳಿಯನ್ನು ಕೊರೆಯುತ್ತಾ ಹೋಗುತ್ತದೆ. ಚಿಪ್ಪು ಕಿತ್ತಾಗ ಅದರ ತಳದ ಅಳತೆಗೇ ಸರಿಯಾಗಿ ದುಂಡಗಿನ ಕಂದು ಉಂಗುರ ಕಾಣುವುದು ಇದರಿಂದ. ಶರಾವತಿಯ ಅಳಿವೆಯಂಥ ಕಡೆ ಮಳೆಗಾಲದಲ್ಲಿ ನೀರು ಹೆಚ್ಚುಕಡಿಮೆ ಸಿಹಿಯಾಗಿದ್ದು, ಬೇಸಿಗೆ ಏರಿದಂತೆ ಉಪ್ಪು ಏರುತ್ತದೆ. ಚಿಪ್ಪು ಕಟ್ಟುವ ಕಾಟವೂ ಅದರೊಂದಿಗೇ ಏರುತ್ತದೆ. ಋತುವಿನ ಕೊನೆಯ ತಿಂಗಳುಗಳಲ್ಲೇ ನಿಮ್ಮ ಇಂಜಿನ್ ಬಸವಳಿದದ್ದು ಇದಕ್ಕೆ ಹೊಂದುತ್ತದೆ.

ಇನ್ನು ಬಚ್ಚಲಿನ ಆಸಿಡ್. ನಮ್ಮಲ್ಲಿ ನೆಲ, ಶೌಚಾಲಯ ತೊಳೆಯಲು ಮಾರುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣವನ್ನು ಕ್ಷಣದಲ್ಲಿ ಕರಗಿಸುತ್ತದೆ ಎಂಬುದು ನಿಜ, ಅದಕ್ಕೇ ಚಿಪ್ಪು ಹೋಯಿತು. ಆದರೆ ಸ್ಟೇನ್‌ಲೆಸ್ ಸ್ಟೀಲಿಗೆ ಆಮ್ಲ ಮತ್ತು ಕ್ಲೋರೈಡ್ ಎರಡೂ ಒಟ್ಟಿಗೆ ಬಂದಷ್ಟು ಕೆಟ್ಟ ಜೋಡಿ ಬೇರೊಂದಿಲ್ಲ. ಅದು ಪೊರೆಯನ್ನು ತೆಗೆದು, ಕೆಳಗಿನ ಲೋಹವನ್ನು ತಿಂದು, ಮೇಲೆ ಕಪ್ಪು ಮಸಿಯಂಥ ಪದರವನ್ನು ಬಿಟ್ಟಿದೆ. ನೀವು ನೋಡಿದ ಕಪ್ಪು ಅದೇ. ಗುಳಿಗಳಲ್ಲಿ ಉಳಿದ ಆಮ್ಲ ಇನ್ನೂ ಕೆಲಸ ಮಾಡುತ್ತಿರಬಹುದು. ಆದ್ದರಿಂದ ಉಳಿದೆಲ್ಲಕ್ಕೂ ಮೊದಲು ಪ್ರೊಪೆಲ್ಲರನ್ನು ಧಾರಾಳ ಸಿಹಿನೀರಿನಿಂದ ತೊಳೆದು, ಅಡುಗೆ ಸೋಡಾ ಕಲಸಿದ ನೀರನ್ನು ಎಲ್ಲ ಮೂಲೆಗಳಿಗೂ ಹಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಮತ್ತೆ ತೊಳೆದು ಒರೆಸಿ ಒಣಗಿಸಿ. ಸಿಹಿನೀರು ಎಂದು ಒತ್ತಿ ಹೇಳಲು ಕಾರಣವಿದೆ: ಅಳಿವೆಯ ಪಕ್ಕದ ಎಷ್ಟೋ ಬಾವಿಗಳ ನೀರಿಗೆ ಬೇಸಿಗೆಯಲ್ಲಿ ಉಪ್ಪು ಏರಿರುತ್ತದೆ. ಬಾಯಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಬ್ಲೀಚಿಂಗ್ ಪುಡಿಯನ್ನೂ ಇದರ ಹತ್ತಿರ ತರಬೇಡಿ. ಅದರ ಕ್ಲೋರಿನ್ ಸ್ಟೀಲಿಗೆ ಕೇಡು, ಆಮ್ಲದೊಡನೆ ಬೆರೆತರೆ ಹೊಮ್ಮುವ ಅನಿಲ ನಿಮಗೇ ಕೇಡು.

ದೋಣಿಯ ಮೇಲಿರುವಂತೆಯೇ ಪ್ರೊಪೆಲ್ಲರ್ ತೊಳೆಯುವ ರೂಢಿ ಇದೆ. ವಾರದ ತೊಳೆತಕ್ಕೆ ಅದು ಸರಿ, ದುರಸ್ತಿಗೆ ಅಲ್ಲ. ಬಿಚ್ಚುವ ಮುನ್ನ ಕೀ ತೆಗೆದು, ಇಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಕಳಚಿ, ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ. ಬ್ಲೇಡಿಗೂ ಅದರ ಮೇಲಿರುವ ಚಪ್ಪಟೆ ಫಲಕಕ್ಕೂ ನಡುವೆ ಮರದ ತುಂಡು ಕೊಟ್ಟರೆ ನಟ್ ಸಡಿಲಿಸುವಾಗ ಅದು ತಿರುಗುವುದಿಲ್ಲ. ಬ್ಲೇಡನ್ನು ಬರಿಗೈಯಲ್ಲಿ ಹಿಡಿದು ತಡೆಯುವುದು ಸಲ್ಲದು, ಮರಳು ತಾಗಿ ತೆಳುವಾದ ಸ್ಟೀಲ್ ಅಂಚು ಅಂಗೈಯನ್ನು ಸೀಳುತ್ತದೆ. ವಾಷರುಗಳು ಯಾವ ಕ್ರಮದಲ್ಲಿ, ಯಾವ ಮುಖ ಹೊರಗಾಗಿ ಬಂದವೋ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರೊಪೆಲ್ಲರ್ ಹೊರಬಂದ ಮೇಲೆ ಶಾಫ್ಟಿನ ಬುಡವನ್ನು ನೋಡದೆ ಬಿಡಬೇಡಿ. ಥ್ರಸ್ಟ್ ವಾಷರಿನ (ಪ್ರೊಪೆಲ್ಲರಿನ ಒತ್ತಡ ಹೊರುವ ಬಿಲ್ಲೆಯ) ಹಿಂದೆ ಗಾಳದ ನೈಲಾನ್ ದಾರವೋ ಬಲೆಯ ಎಳೆಯೋ ಸುತ್ತಿಕೊಂಡು, ಉಜ್ಜಿ ಕರಗಿ ಗಟ್ಟಿ ಉಂಗುರವಾಗಿ ಕೂತಿರುವುದು ನಮ್ಮ ಕರಾವಳಿಯಲ್ಲಿ ಸಾಮಾನ್ಯ ದೃಶ್ಯ. ಅದು ಒಳಗಿನ ಆಯಿಲ್ ಸೀಲನ್ನು ಕತ್ತರಿಸಿದರೆ ಗೇರ್ ಆಯಿಲಿಗೆ ನೀರು ಸೇರಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ಪ್ರೊಪೆಲ್ಲರಿನ ಕಲೆ ನಿಮ್ಮ ಚಿಂತೆಗಳಲ್ಲಿ ಅತಿ ಚಿಕ್ಕದಾಗಿಬಿಡುತ್ತದೆ.

ತೊಳೆಯುವಾಗ ಸೌಮ್ಯವಾದದ್ದರಿಂದ ಆರಂಭಿಸಿ. ಹಬ್ಬಿನ ಒಳಗೂ ಹಿಂಬದಿಗೂ ಕಪ್ಪಗೆ ಅಂಟಿರುವುದು ತುಕ್ಕಲ್ಲ. ಹಬ್ಬಿನ ಮೂಲಕವೇ ಹೊರಹೋಗುವ ಇಂಜಿನ್ ಹೊಗೆಯ ಮಸಿ ಅದು, ಎಣ್ಣೆಜಿಡ್ಡು ತೆಗೆಯುವ ದ್ರಾವಣ ಮತ್ತು ಬಿಸಿನೀರಿಗೆ ಬಿಡುತ್ತದೆ. ಚಿಪ್ಪಿನ ದೊಡ್ಡ ತುಂಡುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಚಕ್ಕೆಯಿಂದ ಎಬ್ಬಿಸಿ. ಸ್ಕ್ರೂಡ್ರೈವರ್ ಮೊನೆಯಿಂದ ಕೆತ್ತಿದರೆ ಬೀಳುವ ಪ್ರತಿ ಗೀರೂ ಮುಂದಿನ ವರ್ಷದ ತುಕ್ಕಿಗೆ ಬೇರು. ಚಿಪ್ಪು ಹೋದರೂ ಉಳಿಯುವ ಬಿಳಿ ಸುಣ್ಣದ ವೃತ್ತಗಳಿಗೆ ಅಂಗಡಿಯ ಸಾಮಾನ್ಯ ವಿನಿಗರ್ ಸಾಕು. ಬ್ಲೇಡಿಗೆ ಬಟ್ಟೆ ಸುತ್ತಿ, ವಿನಿಗರಿನಲ್ಲಿ ನೆನೆಸುತ್ತಾ ಇಟ್ಟರೆ ನೊರೆ ಬರುತ್ತಾ ಸುಣ್ಣ ಮೆತ್ತಗಾಗುತ್ತದೆ. ರಾತ್ರಿಯಿಡೀ ಬಿಡುವ ಬದಲು ಆಗಾಗ ನೋಡುತ್ತಾ ಹಸಿರು ನೈಲಾನ್ ಸ್ಕ್ರಬ್ಬರಿನಿಂದ ಉಜ್ಜಿ ತೆಗೆಯುವುದು ಲೇಸು.

ಕಂದು ಕಲೆ ಬೇರೆ ಜಾತಿಯದು. ಬಟ್ಟೆಯಲ್ಲಿ ಒರೆಸಿದಾಗ ಅರೆಬರೆ ಹೋಗುವ, ಕೈಗೆ ಒರಟು ತಾಗದ ಕಂದು ಛಾಯೆ ಮೇಲ್ಪದರದ್ದು. ಅದಕ್ಕೆ ಆಕ್ಸಾಲಿಕ್ ಆಮ್ಲ ಚೆನ್ನಾಗಿ ಕೆಲಸ ಮಾಡುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಲ್ಲುಹಾಸು ತೊಳೆಯಲು ಪುಡಿಯಾಗಿ ಸಿಗುತ್ತದೆ. ನೀರಿನಲ್ಲಿ ತೆಳುವಾಗಿ ಕಲಸಿ, ಕೈಗವಸು ಹಾಕಿ, ಹಚ್ಚಿ ಕೆಲವು ನಿಮಿಷ ಬಿಟ್ಟು ಉಜ್ಜಿ ತೊಳೆಯಬೇಕು. ಇದು ವಿಷ, ಅಡುಗೆಮನೆಯ ಪಾತ್ರೆಯಲ್ಲಿ ಕಲಸಬಾರದು ಎಂಬುದು ನೆನಪಿರಲಿ. ಮನೆಯಲ್ಲಿ ಹಿತ್ತಾಳೆಗೆ ಹಚ್ಚುವಂತೆ ಹುಣಸೆಹುಳಿ ಹಚ್ಚಬಹುದೇ ಎಂದು ಕೆಲವರು ಕೇಳುತ್ತಾರೆ. ಹುಳಿಯಿಂದ ತೊಂದರೆಯಿಲ್ಲ, ಅದಕ್ಕೆ ಬೆರೆಸುವ ಉಪ್ಪೇ ತೊಂದರೆ. ಉಪ್ಪಿಲ್ಲದ ಹುಣಸೆಯಿಂದ ಇಷ್ಟು ಹಳೆಯ ಕಲೆ ಹೋಗುವುದೂ ಅನುಮಾನ. ಎಲ್ಲಕ್ಕಿಂತ ಹೆಚ್ಚಾಗಿ, ಸಾಮಾನ್ಯ ಕಬ್ಬಿಣದ ತಂತಿಯ ಬ್ರಷ್, ಸ್ಟೀಲ್ ವೂಲ್, ಹಿಂದೆ ಕಬ್ಬಿಣದ ಗೇಟಿಗೆ ಬಳಸಿದ ಗ್ರೈಂಡಿಂಗ್ ಡಿಸ್ಕ್ ಇವ್ಯಾವುದನ್ನೂ ಮುಟ್ಟಿಸಬೇಡಿ. ಅವುಗಳಿಂದ ಕಬ್ಬಿಣದ ಕಣಗಳು ಮೇಲ್ಮೈಗೆ ನಾಟಿಕೊಂಡು, ಒಂದೆರಡು ದಿನದಲ್ಲಿ ಇಡೀ ಬ್ಲೇಡ್ ಕಂದು ಚುಕ್ಕೆಗಳಿಂದ ತುಂಬುತ್ತದೆ. ಪಾಲಿಶ್ ಅಂಗಡಿಯಿಂದ ಮಿನುಗುತ್ತಾ ಬಂದ ಪ್ರೊಪೆಲ್ಲರ್ ವಾರದೊಳಗೆ ತುಕ್ಕಾಯಿತು ಎಂಬ ದೂರುಗಳ ಹಿಂದೆ ಬಹಳ ಸಲ ಇರುವುದು ಇದೇ ಕಾರಣ.

ಲೋಹ ಬರಿದಾದ ಮೇಲೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬೆರಳಿನಿಂದಲೂ ಸವರಿ ಓದಬೇಕು. ಇಲ್ಲಿ ಆತುರ ಬೇಡ. ಚದುರಿದಂತೆ, ಮುಖ್ಯವಾಗಿ ಹಬ್ಬಿನ ಬಳಿ ಮತ್ತು ಚಿಪ್ಪು ಕೂತಿದ್ದ ಜಾಗಗಳಲ್ಲಿ, ತಳದಲ್ಲಿ ಕಂದು ಅಥವಾ ಕಪ್ಪು ಉಳಿಸಿಕೊಂಡಿರುವ ಸೂಜಿಮೊನೆಯಂಥ ಗುಳಿಗಳಿದ್ದರೆ ಅದು ತುಕ್ಕಿನ ಕೆಲಸ. ಇನ್ನೊಂದು ಬಗೆಯ ಗುಳಿಗಳಿವೆ. ಅವು ಬ್ಲೇಡಿನ ಮುಂಬದಿಯಲ್ಲಿ, ಎಂದರೆ ದೋಣಿಯತ್ತ ಮುಖ ಮಾಡಿದ ಮೈಯಲ್ಲಿ, ಒಂದೇ ಜಾಗದಲ್ಲಿ ಗುಂಪಾಗಿ ಇರುತ್ತವೆ. ತುಕ್ಕಿನ ಬಣ್ಣವಿಲ್ಲದೆ ಬೆಳ್ಳಗೆ, ಒರಟಾಗಿ, ಯಾರೋ ಸಣ್ಣ ಉಳಿಯಿಂದ ಕುಕ್ಕಿದಂತೆ ಕಾಣುತ್ತವೆ. ಅದು ಕ್ಯಾವಿಟೇಶನ್. ಅಂಚಿನ ಕಚ್ಚಿನಿಂದಾಗಿ ಹರಿವು ಕೆಟ್ಟು, ಅದರ ಹಿಂದೆ ಒತ್ತಡ ಕುಸಿದು, ನೀರೇ ಆವಿಯ ಗುಳ್ಳೆಯಾಗಿ ಮರುಕ್ಷಣ ಒಡೆಯುವಾಗ ಲೋಹವನ್ನು ಕಿತ್ತುಹಾಕುತ್ತದೆ. ನಿಮ್ಮ ಬ್ಲೇಡಿನ ಕಚ್ಚಿನ ನೇರ ಹಿಂದೆ ಅಂಥ ಒರಟು ಪಟ್ಟಿಯಿದೆಯೇ ನೋಡಿ. ಇದ್ದರೆ ಕಚ್ಚನ್ನು ತಿದ್ದದೆ ಎಷ್ಟು ಪಾಲಿಶ್ ಮಾಡಿದರೂ ಅದು ಮರಳಿ ಬರುತ್ತದೆ. ತುಕ್ಕಿನ ಗುಳಿ ಉಗುರಿಗೆ ತಡೆಯುವಷ್ಟು ಮಾತ್ರ ಆಳವಿದ್ದರೆ ಉಜ್ಜಿ ತೆಗೆಯಬಹುದು. ಅದಕ್ಕಿಂತ ಆಳವಿದ್ದು ಸಂಖ್ಯೆ ಕಡಿಮೆಯಿದ್ದರೆ ತೊಳೆದು, ಅಂಚು ಮೃದುಗೊಳಿಸಿ ಹಾಗೆಯೇ ಬಿಡುವುದು ವಿವೇಕ, ಏಕೆಂದರೆ ಗುಳಿಯ ತಳ ಮುಟ್ಟುವವರೆಗೆ ಸುತ್ತಲಿನ ಒಳ್ಳೆಯ ಲೋಹವನ್ನೆಲ್ಲ ಸವೆಸಿದರೆ ನಷ್ಟ ಹೆಚ್ಚು. ಎಪಾಕ್ಸಿ ತುಂಬಿದರೆ ಅದು ಬ್ಲೇಡಿನ ವೇಗಕ್ಕೆ ನಿಲ್ಲುವುದಿಲ್ಲ.

ನಿಮ್ಮ 400 ಸುತ್ತುಗಳ ಕುಸಿತವನ್ನು ಇಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇಂಥ ಇಂಜಿನ್ನುಗಳಿಗೆ ಪೂರ್ತಿ ಥ್ರಾಟಲ್‌ನಲ್ಲಿ ಸಾಮಾನ್ಯವಾಗಿ 5,000ದಿಂದ 6,000 ಸುತ್ತಿನ ಮಿತಿ ಕೊಟ್ಟಿರುತ್ತಾರೆ. ಆದ್ದರಿಂದ 5,200 ಅಪಾಯದ ಅಂಕಿಯಲ್ಲ, ಆದರೆ ಕುಸಿದಿರುವುದು ಸುಳಿವು. ಸುತ್ತು ಕಡಿಮೆಯಾಗಿ ವೇಗವೂ ಕಡಿಮೆಯಾಗಿದ್ದರೆ ಭಾರ ಹೆಚ್ಚಿದೆ ಎಂದರ್ಥ: ಬ್ಲೇಡಿನ ಮೇಲಿನ ಚಿಪ್ಪು, ದೋಣಿಯ ತಳದ ಪಾಚಿ ಮತ್ತು ಚಿಪ್ಪು, ಇಲ್ಲವೇ ಇಂಜಿನ್ನಿನದೇ ದೋಷ. ದೋಣಿಯ ತಳವನ್ನೂ ಕೆರೆದು ತೊಳೆಯದೆ ಪ್ರೊಪೆಲ್ಲರನ್ನೊಂದೇ ದೂರುವುದು ನ್ಯಾಯವಲ್ಲ. ಇದಕ್ಕೆ ಪ್ರತಿಯಾಗಿ ಸುತ್ತು ಏರಿ ವೇಗ ಏರದಿದ್ದರೆ, ಹಬ್ಬನ್ನು ಶಾಫ್ಟಿಗೆ ಹಿಡಿದಿಡುವ ರಬ್ಬರ್ ಬುಷ್ ಜಾರುತ್ತಿದೆ ಅಥವಾ ಬ್ಲೇಡಿನ ಹಿಂದಿನ ಅಂಚು ಸವೆದಿದೆ ಎಂದು ಅನುಮಾನಿಸಬೇಕು.

ಆ ಹಿಂದಿನ ಅಂಚಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಪಾಲಿಶ್ ಮಾಡುವವರ ಕೈಯಲ್ಲಿ ಮೊದಲು ಹಾಳಾಗುವುದು ಅದೇ. ಬಹುತೇಕ ಸ್ಟೇನ್‌ಲೆಸ್ ಪ್ರೊಪೆಲ್ಲರುಗಳಲ್ಲಿ ನೀರು ಬಿಟ್ಟುಹೋಗುವ ಅಂಚನ್ನು ಸ್ವಲ್ಪ ಒಳಕ್ಕೆ ಮಡಿಸಿರುತ್ತಾರೆ. ದೋಸೆ ಎಬ್ಬಿಸಿದಾಗ ತುದಿ ಮೇಲಕ್ಕೆ ಬಾಗಿದಷ್ಟೇ ಸಣ್ಣ ತಿರುವು ಅದು. ಇದಕ್ಕೆ ಕಪ್ ಎನ್ನುತ್ತಾರೆ. ನೀರನ್ನು ಹಿಡಿದಿಟ್ಟು ತಿರುವುಗಳಲ್ಲಿ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಪಿಚ್ಚಿನಲ್ಲಿ, ಎಂದರೆ ಪ್ರೊಪೆಲ್ಲರ್ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ಲೆಕ್ಕದ ದೂರದಲ್ಲಿ, ಒಂದು ಇಂಚಿನ ವ್ಯತ್ಯಾಸಕ್ಕೆ ಇಂಜಿನ್ನಿನ ಸುತ್ತು ಸುಮಾರು 150ರಿಂದ 200ರಷ್ಟು ಬದಲಾಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. ಕಪ್ ಸವೆದುಹೋದರೆ ಪಿಚ್ ಕಡಿಮೆ ಮಾಡಿದಂಥದೇ ಪರಿಣಾಮವಾಗುತ್ತದೆ. ಬಫಿಂಗ್ ಚಕ್ರಕ್ಕೆ ಬ್ಲೇಡನ್ನು ಒತ್ತಿ ಹಿಡಿಯುವವರಿಗೆ ಈ ತಿರುವು ಎರಕದ ದೋಷದಂತೆ ಕಾಣುವುದರಿಂದ, ಅದನ್ನು ಉಜ್ಜಿ 'ನೇರ' ಮಾಡಿಬಿಡುವುದುಂಟು. ಕೆಲಸ ಒಪ್ಪಿಸುವ ಮುನ್ನ ಹಿಂದಿನ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, 'ಇದನ್ನು ಮುಟ್ಟಬಾರದು' ಎಂದು ಹೇಳಿ, ಸಾಧ್ಯವಾದರೆ ಎದುರಿಗೇ ನಿಂತುಕೊಳ್ಳಿ.

ಉಜ್ಜುವ ಕ್ರಮ ಕಷ್ಟದ್ದೇನಲ್ಲ. ಆಸಿಡ್ ಬಿಟ್ಟ ಕಪ್ಪು ಪದರಕ್ಕೆ 240 ಅಥವಾ 320ರ ವಾಟರ್ ಪೇಪರಿನಿಂದ ಆರಂಭಿಸಿ 400, 600ಕ್ಕೆ ಹೋಗಿ. ಪ್ರತಿ ಹಂತದಲ್ಲೂ ಹಿಂದಿನ ಹಂತದ ಗೀರುಗಳು ಪೂರ್ತಿ ಮರೆಯಾದ ಮೇಲಷ್ಟೇ ಮುಂದಿನದು. ನೀರು ಚಿಮುಕಿಸುತ್ತಾ ಉಜ್ಜಿದರೆ ಧೂಳೂ ಏಳುವುದಿಲ್ಲ, ಬಿಸಿಯೂ ಏರುವುದಿಲ್ಲ. ಆಳ ಗುಳಿಗಳಿಲ್ಲದಿದ್ದರೆ 120ರಂಥ ಒರಟು ಕಾಗದದ ಅಗತ್ಯವೇ ಇಲ್ಲ. 600ರ ನಂತರ ಬಟ್ಟೆಯ ಬಫ್ ಮತ್ತು ಸ್ಟೇನ್‌ಲೆಸ್ಸಿಗೆಂದೇ ಇರುವ ಬಫಿಂಗ್ ಸೋಪಿನಿಂದ ಹೊಳಪು ತರಬಹುದು. ನುಣುಪಾದ ಮೇಲ್ಮೈಯಲ್ಲಿ ಕ್ಲೋರೈಡ್ ನಿಲ್ಲಲು ಜಾಗ ಕಡಿಮೆಯಾದ್ದರಿಂದ ಹೊಳಪಿಗೆ ಆ ಮಟ್ಟಿನ ಉಪಯೋಗವಿದೆ. ಕನ್ನಡಿಯಂತೆ ಮುಖ ಕಾಣುವವರೆಗೆ ಹೋಗುವುದು ಅಂಗಡಿಯ ಷೋಕೇಸಿಗೆ ಮಾತ್ರ ಬೇಕು. ಗ್ರೈಂಡರ್ ಬಳಸಿದರೆ ಒಂದೇ ಜಾಗದಲ್ಲಿ ನಿಲ್ಲಿಸಬೇಡಿ. ಲೋಹ ಒಣಹುಲ್ಲಿನ ಬಣ್ಣಕ್ಕೋ ನೀಲಿಗೋ ತಿರುಗಿತೆಂದರೆ ಅದರ ಮೇಲ್ಪದರದ ಕ್ರೋಮಿಯಂ ಸುಟ್ಟುಹೋಗಿದೆ, ಆ ಬಣ್ಣವನ್ನು ಮತ್ತೆ ಉಜ್ಜಿ ತೆಗೆಯದಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಒಣಗಿದ ಧೂಳಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುವುದರಿಂದ ಮಾಸ್ಕ್ ಬೇಕೇ ಬೇಕು. ತಿರುಗುವ ಬಫ್ ಬ್ಲೇಡಿನ ಅಂಚಿಗೆ ಎದುರಾಗಿ ಸಿಕ್ಕಿದರೆ ಕೈಯಲ್ಲಿರುವುದನ್ನು ಕಿತ್ತೆಸೆಯುತ್ತದೆ. ಆದ್ದರಿಂದ ಪ್ರೊಪೆಲ್ಲರನ್ನು ಬಿಗಿದು ನಿಲ್ಲಿಸಿ, ಬಫ್ ಅಂಚಿನಿಂದ ಹೊರಕ್ಕೆ ಓಡುವಂತೆ ಹಿಡಿಯಬೇಕು.

ಕಚ್ಚಿನ ವಿಷಯ. ಅದು ಒಂದೆರಡು ಮಿಲಿಮೀಟರ್ ಆಳದ್ದಾಗಿದ್ದರೆ ನುಣುಪಾದ ಅರದಿಂದ ಎರಡೂ ಪಕ್ಕಕ್ಕೆ ಉದ್ದವಾಗಿ ಬೆಸೆಯುವಂತೆ ತಿದ್ದಿ, ಅಂಚಿನ ಮೂಲ ದುಂಡುತನವನ್ನು ಉಳಿಸಿಕೊಂಡರೆ ಕೆಲಸ ಮುಗಿಯಿತು. ಕಚ್ಚಿನ ಆಳದಷ್ಟನ್ನು ಇಡೀ ಅಂಚಿನಿಂದ ಕೊರೆದು ಸಮ ಮಾಡುವುದು ಬೇಡ. ಅಂಚು ಬಾಗಿದ್ದರೆ ಮಾತ್ರ ಎಚ್ಚರ ಬೇಕು. ಅಲ್ಯೂಮಿನಿಯಂ ಪ್ರೊಪೆಲ್ಲರಿಗೆ ಸುತ್ತಿಗೆ ಕೊಟ್ಟು ಸರಿಪಡಿಸಿದವರ ಕೈ ಇದಕ್ಕೂ ಹಾಗೆಯೇ ಬೀಳುತ್ತದೆ. ಈ ಉಕ್ಕು ಗಡಸು, ಮತ್ತೆ ಮತ್ತೆ ಬಾಗಿಸಿದರೆ ಬಿರಿಯುತ್ತದೆ. ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ಬಾಗಿಸುವುದು ಇನ್ನೂ ಕೆಟ್ಟದ್ದು, ಏಕೆಂದರೆ ಕಾರ್ಖಾನೆಯಲ್ಲಿ 480ರಿಂದ 620 ಡಿಗ್ರಿ ಸೆಲ್ಸಿಯಸ್ ನಡುವೆ ನಿಯಂತ್ರಿತ ಶಾಖ ಕೊಟ್ಟು ತಂದ ಗಡಸುತನ ಆ ಬೆಂಕಿಯಲ್ಲಿ ಅಳಿದುಹೋಗುತ್ತದೆ, ಹಬ್ಬಿನ ರಬ್ಬರ್ ಬುಷ್ಷಂತೂ ಉಳಿಯುವುದಿಲ್ಲ.

ನೆಲಕ್ಕೋ ಕಲ್ಲಿಗೋ ತಾಗಿದ ಪ್ರೊಪೆಲ್ಲರಿಗೆ ಬಿರುಕಿನ ಪರೀಕ್ಷೆ ತಪ್ಪಿಸಬಾರದು. ವೆಲ್ಡಿಂಗ್ ಸಾಮಗ್ರಿ ಮಾರುವಲ್ಲಿ ಡೈ ಪೆನೆಟ್ರೆಂಟ್ ಎಂಬ ಮೂರು ಸ್ಪ್ರೇ ಡಬ್ಬಿಗಳ ಜೋಡಿ ಸಿಗುತ್ತದೆ. ಮೊದಲನೆಯದರಿಂದ ಜಿಡ್ಡು ತೆಗೆದು, ಎರಡನೆಯ ಕೆಂಪು ದ್ರವವನ್ನು ಬ್ಲೇಡಿನ ಬುಡದಲ್ಲೂ ಕಚ್ಚಿನ ಸುತ್ತಲೂ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಮೂರನೆಯ ಬಿಳಿ ಪುಡಿಯನ್ನು ತೆಳ್ಳಗೆ ಬಿಡಬೇಕು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಕೆಂಪು ನಿಧಾನವಾಗಿ ಬಿಳಿಯ ಮೇಲೆ ಕೂದಲೆಳೆಯಂತೆ ಮೂಡುತ್ತದೆ. ಅಂಚಿನ ಸಣ್ಣ ಬಿರುಕನ್ನು ತಜ್ಞರ ಕೈಯಲ್ಲಿ ವೆಲ್ಡ್ ಮಾಡಿಸಬಹುದು. ಬ್ಲೇಡಿನ ಬುಡದಲ್ಲಿ ಗೆರೆ ಕಂಡರೆ, ಪ್ರಯಾಣಿಕರನ್ನು ಕೂರಿಸುವ ದೋಣಿಗೆ ಆ ಪ್ರೊಪೆಲ್ಲರ್ ಬೇಡ. ಅದಕ್ಕೆ ಹೊಸದನ್ನೇ ತನ್ನಿ. ವೆಲ್ಡಿಂಗ್ ಮಾಡಿಸುವುದಾದರೆ ಟಿಗ್ (ಟಂಗ್‌ಸ್ಟನ್ ಮೊನೆ ಮತ್ತು ಜಡಾನಿಲದ) ವಿಧಾನ ಮತ್ತು ಅದೇ ಮಿಶ್ರಲೋಹಕ್ಕೆ ಹೊಂದುವ ಕಡ್ಡಿ ಬೇಕು. 17-4ಕ್ಕೆ ಅದು 630ರ ಕಡ್ಡಿ. ಪಾತ್ರೆ, ರೇಲಿಂಗುಗಳಿಗೆ ಬಳಸುವ 308ರ ಕಡ್ಡಿಯ ಬೆಸುಗೆ ಮೆತ್ತಗಿರುತ್ತದೆ, ತೆಳು ಅಂಚಿನಲ್ಲಿ ಬೇಗ ಬಾಗುತ್ತದೆ. ಬುಷ್ಷನ್ನು ಮೊದಲು ಒತ್ತಿ ಹೊರತೆಗೆಯಬೇಕು, ಬೆಸುಗೆಯ ನಂತರ ಶಾಖೋಪಚಾರವೂ ಆಗಬೇಕು. ಇಷ್ಟೂ ಸೌಕರ್ಯ ಇಲ್ಲದ ಅಂಗಡಿಗೆ ಈ ಕೆಲಸ ಕೊಡುವುದಕ್ಕಿಂತ ಕಚ್ಚು ಹಾಗೆಯೇ ಇರುವುದು ಮೇಲು.

ಮೂರು ಬ್ಲೇಡುಗಳೂ ಒಂದೇ ಸ್ಥಾನದಲ್ಲಿವೆಯೇ ಎಂಬುದನ್ನು ಮನೆಯಲ್ಲೇ ನೋಡಬಹುದು. ಸಮತಟ್ಟಾದ ಗ್ರಾನೈಟ್ ಅಥವಾ ಗಾಜಿನ ಮೇಲೆ ಪ್ರೊಪೆಲ್ಲರನ್ನು ಹಬ್ಬಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಮರದ ತುಂಡಿಗೆ ಪೆನ್ಸಿಲ್ ಕಟ್ಟಿ ಅದರ ಮೊನೆ ಒಂದು ಬ್ಲೇಡಿನ ತುದಿಗೆ ತಾಗುವಂತೆ ಇಟ್ಟು, ಪ್ರೊಪೆಲ್ಲರನ್ನು ತಿರುಗಿಸುತ್ತಾ ಹೋಗಿ. ಉಳಿದೆರಡು ತುದಿಗಳೂ ಅದೇ ಎತ್ತರಕ್ಕೆ ಬಂದರೆ ಸರಿ. ಒಂದು ತುದಿ ಕಣ್ಣಿಗೆ ಕಾಣುವಷ್ಟು ಮೇಲೆ ಕೆಳಗಾದರೆ ಬ್ಲೇಡ್ ಬಾಗಿದೆ. ಲೇತ್ ಅಂಗಡಿಯಲ್ಲಿ ಸರಿಹೊಂದುವ ಶಾಫ್ಟಿಗೆ ಹಾಕಿ ಎರಡು ಚೂಪು ಅಂಚಿನ ಹಳಿಗಳ ಮೇಲೆ ಬಿಟ್ಟರೆ ಭಾರದ ಬ್ಲೇಡ್ ಕೆಳಗಿಳಿದು ನಿಲ್ಲುತ್ತದೆ. ಅದನ್ನು ಹಗುರ ಮಾಡಬೇಕಾದರೆ ಬ್ಲೇಡಿನ ಅಗಲವಾದ ಮೈಯಿಂದ ಹರಡಿ ತೆಗೆಯಬೇಕು, ಅಂಚಿನಿಂದ ಅಲ್ಲ.

ಉಜ್ಜುವ ಕೆಲಸವೆಲ್ಲ ಮುಗಿದ ಮೇಲೆ ಬರುವ ಹಂತವನ್ನು ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ದುರಸ್ತಿಯಲ್ಲಿ ಅತಿ ಅಗ್ಗದ, ಅತಿ ಫಲದಾಯಕ ಹಂತ ಅದು. ಮೇಲ್ಮೈಯಲ್ಲಿ ಉಳಿದ ಬಿಡಿ ಕಬ್ಬಿಣವನ್ನು ಕರಗಿಸಿ, ಕ್ರೋಮಿಯಂ ಪೊರೆ ಚೆನ್ನಾಗಿ ಕಟ್ಟುವಂತೆ ಮಾಡುವುದಕ್ಕೆ ಪ್ಯಾಸಿವೇಶನ್ ಎನ್ನುತ್ತಾರೆ. ಕಾರ್ಖಾನೆಗಳಲ್ಲಿ ಅದಕ್ಕೆ ನೈಟ್ರಿಕ್ ಆಮ್ಲ ಬಳಸುವುದುಂಟು, ಆದರೆ ಅದು ಮನೆಯಲ್ಲಿ ಆಡುವ ವಸ್ತುವಲ್ಲ. ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಎ967 ಮಾನದಂಡ ಸಿಟ್ರಿಕ್ ಆಮ್ಲವನ್ನೂ ಒಪ್ಪುತ್ತದೆ: ತೂಕದಲ್ಲಿ ಶೇಕಡಾ 4ರಿಂದ 10ರ ದ್ರಾವಣ, 21ರಿಂದ 49 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 20 ನಿಮಿಷ. ಕರಾವಳಿಯ ಹವೆಯಲ್ಲಿ ನೀರು ಕಾಯಿಸುವ ಗೋಜೂ ಇಲ್ಲ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಬಿಳಿ ಹರಳೇ ಸಿಟ್ರಿಕ್ ಆಮ್ಲ. ಹೆಸರಿನಲ್ಲಿ ಉಪ್ಪು ಇದ್ದರೂ ಅದು ಅಡುಗೆ ಉಪ್ಪಲ್ಲ. ಒಂದು ಲೀಟರ್ ಸಿಹಿನೀರಿಗೆ 80 ಗ್ರಾಂನಂತೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಸೋಪಿನಿಂದ ಜಿಡ್ಡು ಪೂರ್ತಿ ತೆಗೆದ ಪ್ರೊಪೆಲ್ಲರನ್ನು ಅದರಲ್ಲಿ ಮುಳುಗಿಸಿ, ಅರ್ಧ ಗಂಟೆ ಬಿಟ್ಟು ತೆಗೆದು, ಕೂಡಲೇ ಧಾರಾಳ ನೀರಿನಿಂದ ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಮರುದಿನ ಒದ್ದೆ ಬಟ್ಟೆ ಸುತ್ತಿ ಒಂದು ರಾತ್ರಿ ಬಿಟ್ಟು ನೋಡಿ. ಕಂದು ಚುಕ್ಕೆ ಮೂಡಿದರೆ ಕಬ್ಬಿಣ ಇನ್ನೂ ಉಳಿದಿದೆ, ಮತ್ತೊಮ್ಮೆ ಮಾಡಬೇಕು.

ಮರಳಿ ಜೋಡಿಸುವ ಮುನ್ನ ಹಬ್ಬಿನ ಒಳಗಿನ ಬುಷ್ಷಿಗೂ ಹೊರಗಿನ ಲೋಹಕ್ಕೂ ಅಡ್ಡಲಾಗಿ ಬಣ್ಣದಿಂದ ಒಂದು ಗೆರೆ ಎಳೆಯಿರಿ. ಓಡಿಸಿ ಬಂದ ಮೇಲೆ ಆ ಗೆರೆ ಮುರಿದಿದ್ದರೆ ಬುಷ್ ಜಾರುತ್ತಿದೆ, ಬದಲಿಸಬೇಕು. ಶಾಫ್ಟಿನ ಹಲ್ಲುಗಳಿಗೆ ನೀರಿಗೆ ತೊಳೆದುಹೋಗದ ಮೆರೈನ್ ಗ್ರೀಸ್ ಹಚ್ಚಿ. ಇಲ್ಲವಾದರೆ ಮುಂದಿನ ವರ್ಷ ಪ್ರೊಪೆಲ್ಲರ್ ಶಾಫ್ಟಿಗೆ ಕಚ್ಚಿಕೊಂಡು, ಅದನ್ನು ಬಿಡಿಸಲು ಯಾರಾದರೂ ಸುತ್ತಿಗೆ ಎತ್ತುತ್ತಾರೆ. ನಟ್ಟನ್ನು ಇಂಜಿನ್ನಿನ ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಿ. ಋತು ಆರಂಭವಾದಾಗ ಹಿಂದಿನಷ್ಟೇ ಜನ, ಅಷ್ಟೇ ಇಂಧನ ಇಟ್ಟುಕೊಂಡು ಪೂರ್ತಿ ಥ್ರಾಟಲ್‌ನಲ್ಲಿ ಸುತ್ತು ಎಷ್ಟು ಬರುತ್ತದೆಂದು ಬರೆದಿಡಿ. 5,600ರ ಆಸುಪಾಸಿಗೆ ಮರಳಿದರೆ ಲೆಕ್ಕ ಸರಿಹೋಯಿತು. ಮರಳದಿದ್ದರೆ ಮುಂದೆ ನೋಡಬೇಕಾದ್ದು ಇಂಜಿನ್.

ಇದೇ ಹೊತ್ತಿಗೆ ಆನೋಡನ್ನೂ ಗಮನಿಸಿ. ಸ್ಟೇನ್‌ಲೆಸ್ ಪ್ರೊಪೆಲ್ಲರ್ ಮತ್ತು ಅಲ್ಯೂಮಿನಿಯಂ ಗೇರ್‌ಕೇಸ್ ಒಂದೇ ಉಪ್ಪುನೀರಿನಲ್ಲಿದ್ದಾಗ ಸವೆಯುವುದು ಅಲ್ಯೂಮಿನಿಯಂ. ಅದರ ಬದಲಿಗೆ ತಾನು ಸವೆಯಲೆಂದೇ ಆನೋಡ್ ಇರುತ್ತದೆ. ಅರ್ಧ ಸವೆದಿದ್ದರೆ ಬದಲಿಸಿ, ಅದರ ಮೇಲೆ ಬಣ್ಣ ಬಳಿಯಬೇಡಿ. ವರ್ಷದ ಒಂದು ಭಾಗ ಸಿಹಿ, ಇನ್ನೊಂದು ಭಾಗ ಉಪ್ಪಾಗಿರುವ ನಿಮ್ಮ ಅಳಿವೆಗೆ ಸತುವಿನದಕ್ಕಿಂತ ಅಲ್ಯೂಮಿನಿಯಂ ಆನೋಡ್ ಹೊಂದುತ್ತದೆ, ಏಕೆಂದರೆ ಸಿಹಿನೀರಿನಲ್ಲಿ ಸತುವಿನ ಮೇಲೆ ಪದರ ಕಟ್ಟಿ ಅದು ಕೆಲಸ ನಿಲ್ಲಿಸುತ್ತದೆ.

ಕೊನೆಯದಾಗಿ ಬಣ್ಣದ ಪ್ರಶ್ನೆ. ದೋಣಿಯ ತಳಕ್ಕೆ ಬಳಿಯುವ ತಾಮ್ರದ ಅಂಶವಿರುವ ಬಣ್ಣವನ್ನು ಪ್ರೊಪೆಲ್ಲರಿಗೆ ಬಳಿಯಬೇಡಿ. ನುಣುಪಾದ ಸ್ಟೀಲಿನ ಮೇಲೆ ಅದು ನಿಲ್ಲುವುದಿಲ್ಲ, ಮತ್ತು ಪಕ್ಕದ ಅಲ್ಯೂಮಿನಿಯಂ ಗೇರ್‌ಕೇಸಿಗೆ ತಾಮ್ರದ ಸಹವಾಸ ಒಳ್ಳೆಯದಲ್ಲ. ಪ್ರೊಪೆಲ್ಲರುಗಳಿಗೆಂದೇ ಸಿಲಿಕೋನ್ ಲೇಪಗಳಿವೆ. ಅವು ಚಿಪ್ಪನ್ನು ಕೊಲ್ಲುವುದಿಲ್ಲ, ಜಾರಿಸುತ್ತವೆ, ಅದಕ್ಕೆ ಪ್ರೊಪೆಲ್ಲರ್ ದಿನವೂ ತಿರುಗುತ್ತಿರಬೇಕು. ಸದಾ ನೀರಿನಲ್ಲೇ ಇರುವ ಒಳಶಾಫ್ಟಿನ ದೊಡ್ಡ ದೋಣಿಗಳಿಗೆ ಅದರ ಖರ್ಚು ಸಾರ್ಥಕ. ನಿಮ್ಮದು ಔಟ್‌ಬೋರ್ಡ್. ಸಂಜೆ ಕೊನೆಯ ಸುತ್ತು ಮುಗಿಸಿ ಕಟ್ಟುವಾಗ ಇಂಜಿನ್ನನ್ನು ಪ್ರೊಪೆಲ್ಲರ್ ಪೂರ್ತಿ ನೀರಿನಿಂದ ಹೊರಬರುವಷ್ಟು ಎತ್ತಿ ನಿಲ್ಲಿಸಿ, ಒಂದು ಕೊಡ ಸಿಹಿನೀರು ಹೊಯ್ದರೆ ಬಾರ್ನಕಲ್ಲಿಗೆ ಕೂರಲು ಅವಕಾಶವೇ ಸಿಗುವುದಿಲ್ಲ. ಎತ್ತಿದ ಸ್ಥಿತಿಯಲ್ಲಿ ಇಂಜಿನ್ನಿನ ಭಾರವನ್ನು ಹೈಡ್ರಾಲಿಕ್ ಮೇಲೆ ಬಿಡದೆ ಟಿಲ್ಟ್ ಲಾಕ್ ಹಾಕಿ, ಮತ್ತು ಪಕ್ಕದ ದೋಣಿ ತಾಗದಂತೆ, ಜೆಟ್ಟಿಯ ಮೇಲೆ ಓಡಾಡುವವರ ಕಾಲಿಗೆ ಬ್ಲೇಡ್ ಸಿಗದಂತೆ ಅದರ ಮೇಲೊಂದು ದಪ್ಪ ಕ್ಯಾನ್ವಾಸ್ ಚೀಲ ಹೊದಿಸಿಡಿ.